ಹನ್ನೆರಡು ಮಕ್ಕಳು, ಎರಡು ಬಾವಿಗಳು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಾಸ್ಟನ್ ನಗರದ ಸಮೀಪ ವೂಬರ್ನ್ ಎಂಬ ಊರಿದೆ. ಒಂದು ಕಾಲಕ್ಕೆ ಚರ್ಮ ಹದಮಾಡುವ ಕಾರ್ಖಾನೆಗಳಿಗೆ ಹೆಸರಾಗಿದ್ದ ಊರು. 1970ರ ಸುಮಾರಿಗೆ ಅಲ್ಲಿ 37 ಸಾವಿರದಷ್ಟು ಜನರಿದ್ದರು. ಹೆಚ್ಚುತ್ತಿದ್ದ ಜನರಿಗೆ ನೀರು ಸಾಲದೆ ಊರಿನ ಆಡಳಿತ 1964ರಲ್ಲಿ ಒಂದು, 1967ರಲ್ಲಿ ಇನ್ನೊಂದು ಕೊಳವೆ ಬಾವಿಯನ್ನು ತೋಡಿಸಿತು. ಅವುಗಳಿಗೆ 'ಜಿ' ಮತ್ತು 'ಎಚ್' ಎಂದು ಹೆಸರು. ಊರಿನ ಪೂರ್ವ ಭಾಗದ ಮನೆಗಳಿಗೆ ಈ ನೀರು ಹೆಚ್ಚಾಗಿ ಹೋಗುತ್ತಿತ್ತು.

ನೀರು ಬಂತು, ಜೊತೆಗೆ ದೂರುಗಳೂ ಬಂದವು. ನೀರಿಗೆ ವಾಸನೆ ಇದೆ, ರುಚಿ ಸರಿಯಿಲ್ಲ ಎಂದು ಗೃಹಿಣಿಯರು ಹೇಳುತ್ತಲೇ ಇದ್ದರು. ಅವರಲ್ಲಿ ಆ್ಯನ್ ಆ್ಯಂಡರ್ಸನ್ ಒಬ್ಬರು. 1972ರ ಜನವರಿಯಲ್ಲಿ ಅವರ ಮೂರು ವರ್ಷದ ಮಗನಿಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಇದೆಯೆಂದು ವೈದ್ಯರು ಹೇಳಿದರು. ಮಕ್ಕಳಲ್ಲಿ ಇದು ಅಪರೂಪದ ಕಾಯಿಲೆ. ಆದರೆ ಮಗನ ಚಿಕಿತ್ಸೆಗೆಂದು ಓಡಾಡುವಾಗ ತಮ್ಮ ಬೀದಿಯ ಆಸುಪಾಸಿನಲ್ಲೇ ಇಂಥ ಮಕ್ಕಳು ಇನ್ನೂ ಇದ್ದಾರೆ ಎಂಬುದು ಆ ತಾಯಿಯ ಗಮನಕ್ಕೆ ಬಂತು. ಎಲ್ಲರೂ ಉಸಿರಾಡುವುದು ಒಂದೇ ಗಾಳಿ, ಕುಡಿಯುವುದು ಒಂದೇ ನೀರು. ನೀರಿನಲ್ಲಿ ಏನೋ ಇದೆ ಎಂದು ಅವರು ಹೇಳಿದಾಗ ಅದನ್ನು ಯಾರೂ ಗಂಭೀರವಾಗಿ ಎಣಿಸಲಿಲ್ಲ. ಚರ್ಚಿನ ಪಾದ್ರಿ ಬ್ರೂಸ್ ಯಂಗ್ ಕೂಡ ಮೊದಲು ನಂಬಲಿಲ್ಲ. ಮಗನ ಕಾಯಿಲೆಯಿಂದ ನೊಂದ ತಾಯಿಯ ಕಲ್ಪನೆ ಎಂದುಕೊಂಡರು.

1979ರ ಮೇ ತಿಂಗಳಲ್ಲಿ ಬಾವಿಗಳ ಹತ್ತಿರದ ಪಾಳು ಜಾಗವೊಂದರಲ್ಲಿ ಕಾರ್ಖಾನೆ ತ್ಯಾಜ್ಯದ 184 ಪೀಪಾಯಿಗಳು ಪತ್ತೆಯಾದವು. ಮುನ್ನೆಚ್ಚರಿಕೆಗೆಂದು ಬಾವಿಗಳ ನೀರನ್ನು ಪರೀಕ್ಷೆ ಮಾಡಿಸಲಾಯಿತು. ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕ 'ಜಿ' ಬಾವಿಯ ಒಂದು ಲೀಟರ್ ನೀರಿನಲ್ಲಿ 267 ಮೈಕ್ರೋಗ್ರಾಂ ಇತ್ತು. ಎರಡೂ ಬಾವಿಗಳನ್ನು ಮುಚ್ಚಲಾಯಿತು. ಆಗ ಪಾದ್ರಿಯೂ ಆ ತಾಯಿಯೂ ಸೇರಿ, ಊರಿನ ಲ್ಯುಕೇಮಿಯಾ ಪೀಡಿತ ಮಕ್ಕಳ ಮನೆಗಳನ್ನು ನಕ್ಷೆಯ ಮೇಲೆ ಗುರುತು ಹಾಕುತ್ತಾ ಹೋದರು. ಗುರುತುಗಳು ಊರಿನ ಪೂರ್ವ ಭಾಗದಲ್ಲಿ ಒತ್ತಾಗಿ ಬಿದ್ದವು.

ನೀರು ಕಾಯಿಲೆ ತಂದಿತೇ? ಕೇಳಲು ಸುಲಭವಾದ ಈ ಪ್ರಶ್ನೆಗೆ ಉತ್ತರ ಹೇಳುವುದು ವಿಜ್ಞಾನಕ್ಕೆ ಎಷ್ಟು ಕಷ್ಟ ಎಂಬುದನ್ನು ವೂಬರ್ನ್ ತೋರಿಸಿಕೊಟ್ಟಿತು.

ಜಿಡ್ಡು ತೆಗೆಯುವ ದ್ರವ

ಟ್ರೈಕ್ಲೋರೋಎಥಿಲೀನನ್ನು ಚಿಕ್ಕದಾಗಿ ಟಿಸಿಇ ಎನ್ನುತ್ತಾರೆ. ಇದರ ಒಂದು ಅಣುವಿನಲ್ಲಿ ಎರಡು ಇಂಗಾಲ, ಒಂದು ಜಲಜನಕ, ಮೂರು ಕ್ಲೋರಿನ್ ಪರಮಾಣುಗಳಿವೆ. ನೀರಿನಂತೆ ತಿಳಿಯಾದ, ಸ್ವಲ್ಪ ಸಿಹಿ ವಾಸನೆಯ ದ್ರವ. ಎಣ್ಣೆ, ಗ್ರೀಸುಗಳನ್ನು ಚೆನ್ನಾಗಿ ಕರಗಿಸುತ್ತದೆ, ಸುಲಭವಾಗಿ ಬೆಂಕಿ ಹಿಡಿಯುವುದಿಲ್ಲ, ಬೇಗ ಆರಿಹೋಗುತ್ತದೆ. ಲೋಹದ ಬಿಡಿಭಾಗಗಳ ಜಿಡ್ಡು ತೊಳೆಯಲು ಕಾರ್ಖಾನೆಗಳಿಗೆ ಇದಕ್ಕಿಂತ ಅನುಕೂಲವಾದದ್ದು ಬೇರೆ ಇರಲಿಲ್ಲ. ಬಟ್ಟೆಗಳ ಡ್ರೈಕ್ಲೀನಿಂಗ್‌ನಲ್ಲಿಯೂ ಇದನ್ನು ಬಳಸಿದರು. ಆಸ್ಪತ್ರೆಗಳಲ್ಲಿ ಅರಿವಳಿಕೆಯಾಗಿ ಕೊಟ್ಟರು. ಕಾಫಿ ಬೀಜದಿಂದ ಕೆಫೀನ್ ತೆಗೆಯಲು ಕೂಡ ಉಪಯೋಗಿಸಿದರು. ಆಹಾರಕ್ಕೆ ಸಂಬಂಧಿಸಿದ ಈ ಬಳಕೆಯನ್ನು ಅಮೆರಿಕ 1977ರಲ್ಲಿ ನಿಲ್ಲಿಸಿತು.

ತೆರೆದ ಪಾತ್ರೆಯಲ್ಲಿಟ್ಟ ಟಿಸಿಇ ಆವಿಯಾಗಿ ಗಾಳಿಗೆ ಸೇರುತ್ತದೆ. ಗಾಳಿಯಲ್ಲಿ ಅದರ ಅರ್ಧಭಾಗ ಸುಮಾರು ಒಂದು ವಾರದಲ್ಲಿ ಒಡೆದುಹೋಗುತ್ತದೆ. ನೆಲಕ್ಕೆ ಚೆಲ್ಲಿದಾಗಲೇ ತೊಂದರೆ. ಎಣ್ಣೆ ನೀರಿನ ಮೇಲೆ ತೇಲುವುದನ್ನು ಎಲ್ಲರೂ ನೋಡಿದ್ದಾರೆ. ಟಿಸಿಇ ಹಾಗಲ್ಲ. ಅದರ ಒಂದು ಲೀಟರಿನ ತೂಕ 1,460 ಗ್ರಾಂ, ಅಂದರೆ ನೀರಿಗಿಂತ ಸುಮಾರು ಒಂದೂವರೆ ಪಟ್ಟು. ಆದ್ದರಿಂದ ಮಣ್ಣಿನ ಸಂದುಗಳಲ್ಲಿ ಇಳಿಯುತ್ತಾ, ಅಂತರ್ಜಲವನ್ನೂ ಹಾದು, ತಳದ ಬಂಡೆಯ ಮೇಲೆ ಹೋಗಿ ನಿಲ್ಲುತ್ತದೆ. ಅಲ್ಲಿಂದ ಹತ್ತಾರು ವರ್ಷಗಳ ಕಾಲ ಚೂರುಚೂರಾಗಿ ನೀರಿಗೆ ಕರಗುತ್ತಿರುತ್ತದೆ. ಆಮ್ಲಜನಕವಿಲ್ಲದ ಆ ಆಳದಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ನಿಧಾನವಾಗಿ ಒಡೆಯುವುದುಂಟು. ಆದರೆ ಹಾಗೆ ಒಡೆಯುವಾಗ ನಡುವೆ ಹುಟ್ಟುವ ವಿನೈಲ್ ಕ್ಲೋರೈಡ್ ಕೂಡ ಕ್ಯಾನ್ಸರ್‌ಕಾರಕವೇ.

ವೂಬರ್ನ್‌ನಲ್ಲಿ ಆದದ್ದೂ ಇದೇ. ಮಾಲಿನ್ಯ ಐದು ಬೇರೆ ಬೇರೆ ಜಾಗಗಳಿಂದ ಬಾವಿಗಳತ್ತ ಹರಿದು ಬಂದಿತ್ತೆಂದು ಮುಂದೆ ಪರಿಸರ ಸಂರಕ್ಷಣಾ ಸಂಸ್ಥೆ ಗುರುತಿಸಿತು.

ನಾಲ್ಕು ಪ್ರಶ್ನೆಗಳು

ಇಂಥ ಸಂದರ್ಭದಲ್ಲಿ ಅಪಾಯವನ್ನು ಅಳೆಯುವುದು ಹೇಗೆ? ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1983ರಲ್ಲಿ ಇದಕ್ಕೊಂದು ಕ್ರಮವನ್ನು ಹಾಕಿಕೊಟ್ಟಿತು. ಅದನ್ನು ನಾಲ್ಕು ಪ್ರಶ್ನೆಗಳಾಗಿ ಹೇಳಬಹುದು. ಒಂದು, ಈ ವಸ್ತು ಯಾವ ಕೇಡು ಮಾಡಬಲ್ಲದು? ಎರಡು, ಎಷ್ಟು ಪ್ರಮಾಣಕ್ಕೆ ಎಷ್ಟು ಕೇಡು? ಮೂರು, ಜನರ ದೇಹಕ್ಕೆ ನಿಜವಾಗಿ ಸೇರಿದ್ದು ಎಷ್ಟು? ನಾಲ್ಕು, ಈ ಮೂರನ್ನೂ ಕೂಡಿಸಿದರೆ ಅಪಾಯ ಎಷ್ಟೆಂದು ಹೇಳಬಹುದು, ಎಷ್ಟು ಭರವಸೆಯಿಂದ ಹೇಳಬಹುದು?

ಮೊದಲ ಪ್ರಶ್ನೆಗೆ ಉತ್ತರ ಸಿಗಲು ಬಹಳ ಕಾಲ ಹಿಡಿಯಿತು. ಟಿಸಿಇ ಕೊಟ್ಟ ಚಿಕ್ಕಿಲಿಗಳಿಗೆ ಯಕೃತ್ತಿನ ಕ್ಯಾನ್ಸರ್ ಬಂತು, ದೊಡ್ಡ ಇಲಿಗಳಿಗೆ ಮೂತ್ರಪಿಂಡದ ಕ್ಯಾನ್ಸರ್ ಬಂತು. ಎರಡು ಬಗೆಯ ಇಲಿಗಳಲ್ಲೇ ಇಷ್ಟು ವ್ಯತ್ಯಾಸವಿರುವಾಗ ಮನುಷ್ಯರ ವಿಷಯ ಹೇಳುವುದು ಹೇಗೆ? ಕಾರ್ಖಾನೆಗಳಲ್ಲಿ ಈ ದ್ರಾವಕದ ಜೊತೆ ದುಡಿದವರ ಆರೋಗ್ಯದ ದಾಖಲೆಗಳು ಒಂದೊಂದಾಗಿ ಸೇರಿದ ಮೇಲೆ ಚಿತ್ರ ಸ್ಪಷ್ಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಟಿಸಿಇಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಗುಂಪಿಗೆ ಸೇರಿಸಿತ್ತು. 2012ರಲ್ಲಿ ಅದನ್ನು 'ಮನುಷ್ಯರಿಗೆ ಕ್ಯಾನ್ಸರ್‌ಕಾರಕ' ಎಂಬ ಮೊದಲನೆಯ ಗುಂಪಿಗೆ ಏರಿಸಿತು. ವೂಬರ್ನ್ ಬಾವಿಗಳು ಮುಚ್ಚಿ ಆಗ 33 ವರ್ಷಗಳಾಗಿದ್ದವು.

ಎರಡನೆಯ ಪ್ರಶ್ನೆ ಪ್ರಮಾಣದ್ದು. ಪ್ರಯೋಗಾಲಯದಲ್ಲಿ ಇಲಿಗಳಿಗೆ ಕೊಡುವುದು ದೊಡ್ಡ ಪ್ರಮಾಣ. ಕುಡಿಯುವ ನೀರಿನಲ್ಲಿ ಇರುವುದು ತೀರ ಸಣ್ಣ ಪ್ರಮಾಣ. ಒಂದರಿಂದ ಇನ್ನೊಂದನ್ನು ಊಹಿಸುವಾಗ ಎಚ್ಚರಿಕೆ ಬೇಕು. ಆದ್ದರಿಂದ ಇಲಿಯಿಂದ ಮನುಷ್ಯನಿಗೆ ಬರುವಾಗ ಒಂದು ಸಲ, ಮನುಷ್ಯರಲ್ಲೇ ಎಳೆಯರು, ರೋಗಿಗಳು, ಗರ್ಭಿಣಿಯರನ್ನು ನೆನೆದು ಇನ್ನೊಂದು ಸಲ ಮಿತಿಯನ್ನು ಇಳಿಸುವುದು ವಾಡಿಕೆ. ಹೀಗೆ ಲೆಕ್ಕ ಹಾಕಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2011ರಲ್ಲಿ ಒಂದು ಅಂಕಿಯನ್ನು ಕೊಟ್ಟಿತು. ಕ್ಯಾನ್ಸರ್ ಬಿಟ್ಟು ಉಳಿದ ತೊಂದರೆಗಳ ದೃಷ್ಟಿಯಿಂದ ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ ಅರ್ಧ ಮೈಕ್ರೋಗ್ರಾಂಗಿಂತ ಹೆಚ್ಚು ಟಿಸಿಇ ಬಾಯಿಯ ಮೂಲಕ ಒಳಗೆ ಹೋಗಬಾರದು. ರೋಗನಿರೋಧಕ ಶಕ್ತಿ ಕುಂದುವುದು, ಭ್ರೂಣದ ಹೃದಯದಲ್ಲಿ ದೋಷ ಬರುವುದು, ಇವು ಆ ಅಂಕಿಯ ಹಿಂದಿದ್ದ ಆತಂಕಗಳು.

ಒಂದು ಪುಟ್ಟ ಲೆಕ್ಕ

ಮೂರನೆಯ ಪ್ರಶ್ನೆಯನ್ನು ಹೈಸ್ಕೂಲಿನ ವಿದ್ಯಾರ್ಥಿಗಳೇ ಬಿಡಿಸಬಹುದು. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದ ಒಂದು ಭಾಗ. ಲೀಟರಿಗೆ 267 ಮೈಕ್ರೋಗ್ರಾಂ ಎಂದರೆ ಮನೆಯ ಮೇಲಿನ ಸಾವಿರ ಲೀಟರ್ ಟ್ಯಾಂಕಿಗೆ ಸುಮಾರು ಕಾಲು ಗ್ರಾಂ, ಅಂದರೆ ಕೆಲವೇ ಹನಿ. 70 ಕಿಲೋ ತೂಕದ ದೊಡ್ಡವರು ಆ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ 267ನ್ನು 2ರಿಂದ ಗುಣಿಸಿ 70ರಿಂದ ಭಾಗಿಸಬೇಕು. ಉತ್ತರ ಕಿಲೋಗೆ 7.6 ಮೈಕ್ರೋಗ್ರಾಂ. ಮೇಲೆ ಹೇಳಿದ ಅರ್ಧ ಮೈಕ್ರೋಗ್ರಾಂಗೆ ಹೋಲಿಸಿದರೆ ಇದು 15 ಪಟ್ಟು. 10 ಕಿಲೋ ತೂಕದ ಮಗು ಒಂದು ಲೀಟರ್ ಕುಡಿದರೆ ಕಿಲೋಗೆ 26.7 ಮೈಕ್ರೋಗ್ರಾಂ, ಅಂದರೆ 53 ಪಟ್ಟು. ಒಂದೇ ನಲ್ಲಿಯ ನೀರು, ಆದರೆ ತಂದೆಗೆ ಆಗುವ ಪಾಲು ಬೇರೆ, ಮಗುವಿಗೆ ಆಗುವ ಪಾಲು ಬೇರೆ.

ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಟಿಸಿಇ 87 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ವಸ್ತು. ಬಿಸಿನೀರಿನ ಸ್ನಾನ ಮಾಡುವಾಗ ಅದು ನೀರನ್ನು ಬಿಟ್ಟು ಬಚ್ಚಲಮನೆಯ ಗಾಳಿಗೆ ಸೇರುತ್ತದೆ, ಉಸಿರಿನ ಮೂಲಕ ಒಳಗೆ ಹೋಗುತ್ತದೆ. ಹೀಗೆ ಒಳಗೆ ಹೋಗುವ ಪ್ರಮಾಣ ಕುಡಿದು ಒಳಗೆ ಹೋಗುವಷ್ಟೇ ಇರಬಹುದು. ಕುಡಿಯುವ ನೀರನ್ನು ಬದಲಾಯಿಸಿದರೆ ಸಾಕು ಎಂಬ ಭಾವನೆ ತಪ್ಪಾಗುವುದು ಇಲ್ಲೇ. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆ ಎಂಬುದು ನಿಜ. ಆದರೆ ಟಿಸಿಇ ಸಾಯುವ ವಸ್ತುವಲ್ಲ, ಪಾತ್ರೆಯಿಂದ ಹೊರಟು ಅಡುಗೆಮನೆಯ ಗಾಳಿಗೆ ಸೇರುತ್ತದೆ. ಇದನ್ನು ನೀರಿನಿಂದ ತೆಗೆಯಲು ಬಳಸುವ ವಿಧಾನಗಳು ಬೇರೆ. ತಜ್ಞರ ನಿಗಾದಲ್ಲಿ ನೀರಿನ ಮೂಲಕ ಗಾಳಿ ಹಾಯಿಸುತ್ತಾರೆ, ಅಥವಾ ಚುರುಕುಗೊಳಿಸಿದ ಇದ್ದಿಲಿನ ಮೂಲಕ ನೀರನ್ನು ಸೋಸುತ್ತಾರೆ.

ಈಗ ನಾಲ್ಕನೆಯ ಪ್ರಶ್ನೆ. ಕಿಲೋಗೆ ದಿನಕ್ಕೆ ಒಂದು ಮಿಲಿಗ್ರಾಂ ಟಿಸಿಇ ಜೀವನವಿಡೀ ಸೇವಿಸಿದರೆ ಕ್ಯಾನ್ಸರ್‌ನ ಅಪಾಯ 0.046ರಷ್ಟು ಹೆಚ್ಚುತ್ತದೆ ಎಂಬ ದರವನ್ನು ಆ ಸಂಸ್ಥೆ ಸಣ್ಣ ಪ್ರಮಾಣಗಳ ಲೆಕ್ಕಕ್ಕಾಗಿ ಕೊಟ್ಟಿದೆ. ಮೇಲಿನ 7.6 ಮೈಕ್ರೋಗ್ರಾಂ ಅಂದರೆ 0.0076 ಮಿಲಿಗ್ರಾಂ. ಗುಣಿಸಿದರೆ ಹತ್ತು ಸಾವಿರಕ್ಕೆ ಮೂರೂವರೆ. ಬಾವಿಗಳು ನೀರು ಕೊಟ್ಟದ್ದು 70 ವರ್ಷವಲ್ಲ, ಹೆಚ್ಚೆಂದರೆ 15 ವರ್ಷ. ಹಾಗಾಗಿ ಲಕ್ಷಕ್ಕೆ ಏಳೆಂಟು. ಊರಿನ 37 ಸಾವಿರ ಜನರೆಲ್ಲ ಇದೇ ನೀರು ಕುಡಿದರೆಂದು ಇಟ್ಟುಕೊಂಡರೂ ಅವರೆಲ್ಲರ ಜೀವಮಾನದಲ್ಲಿ ಹೆಚ್ಚಾಗುವ ಕ್ಯಾನ್ಸರ್ ಮೂರಕ್ಕಿಂತ ಕಡಿಮೆ.

ಕಾಗದದ ಮೇಲೆ ಮೂರು. ಆದರೆ ನಕ್ಷೆಯ ಮೇಲೆ ಹನ್ನೆರಡು ಮಕ್ಕಳು! ಹಾಗಿದ್ದರೆ ತಪ್ಪಿದ್ದೆಲ್ಲಿ?

ಲೆಕ್ಕದಲ್ಲಿ ಏನೇನು ಸೇರಿಲ್ಲ ಎಂದು ನೋಡಬೇಕು. ಆ ದರ ಮೂತ್ರಪಿಂಡ, ಯಕೃತ್ತು ಮತ್ತು ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್‌ಗಳಿಗೆ ಸಂಬಂಧಿಸಿದ್ದು. ಮಕ್ಕಳ ಲ್ಯುಕೇಮಿಯಾ ಅದರಲ್ಲಿ ಇಲ್ಲ. ಅದು ದೊಡ್ಡವರ ದೇಹಕ್ಕೆ ಹಾಕಿದ ಲೆಕ್ಕ, ಗರ್ಭದಲ್ಲಿರುವ ಶಿಶುವಿಗಲ್ಲ. ಕುಡಿದ ನೀರನ್ನು ಮಾತ್ರ ಎಣಿಸಿದೆ, ಉಸಿರಾಡಿದ ಆವಿಯನ್ನು ಬಿಟ್ಟಿದೆ. ಬಾವಿಯಲ್ಲಿ ಇನ್ನೊಂದು ದ್ರಾವಕವಾದ ಟೆಟ್ರಾಕ್ಲೋರೋಎಥಿಲೀನ್ ಕೂಡ ಇತ್ತು, ಅದೂ ಲೆಕ್ಕಕ್ಕೆ ಬಂದಿಲ್ಲ. 1979ರ ಒಂದು ದಿನದ ಅಳತೆಯನ್ನೇ 15 ವರ್ಷಗಳ ಅಳತೆ ಎಂದುಕೊಂಡಿದೆ. ಗುಣಾಕಾರ ಸರಿ ಇದ್ದರೂ ಕೇಳದ ಪ್ರಶ್ನೆಗೆ ಗುಣಾಕಾರ ಉತ್ತರ ಕೊಡಲಾರದು.

ಆಕಸ್ಮಿಕವೋ, ಕಾರಣವೋ?

ಇನ್ನೊಂದು ದಾರಿ, ಕಾಯಿಲೆಯವರನ್ನೇ ನೇರವಾಗಿ ಎಣಿಸುವುದು. 1969ರಿಂದ 1979ರವರೆಗೆ ವೂಬರ್ನ್‌ನಂಥ ಊರಿನಲ್ಲಿ ಮಕ್ಕಳ ಲ್ಯುಕೇಮಿಯಾ 5.3ರಷ್ಟು ಇರಬೇಕಿತ್ತು, ಇದ್ದದ್ದು 12 ಎಂದು ಸರ್ಕಾರಿ ತಜ್ಞರು 1981ರ ಜನವರಿಯಲ್ಲಿ ವರದಿ ಮಾಡಿದರು. ಹನ್ನೆರಡರಲ್ಲಿ ಆರು ಮಕ್ಕಳ ಮನೆ ಒಂದೇ ಗಣತಿ ವಲಯದಲ್ಲಿತ್ತು. ಕಾಯಿಲೆ ಹೆಚ್ಚಾಗಿರುವುದು ನಿಜ, ಆದರೆ ಅದನ್ನು ನೀರಿಗೆ ಜೋಡಿಸಲು ಆಧಾರ ಸಾಲದು ಎಂಬುದು ವರದಿಯ ತೀರ್ಮಾನ. ಅದೇ ತಿಂಗಳು ಆ್ಯನ್ ಆ್ಯಂಡರ್ಸನ್ ಅವರ ಮಗ ತೀರಿಕೊಂಡ. ಅವನಿಗೆ 12 ವರ್ಷವಾಗಿತ್ತು.

ತಜ್ಞರ ಸಂಕೋಚಕ್ಕೆ ಕಾರಣವಿತ್ತು. 5.3 ಇರಬೇಕಾದ ಕಡೆ ಬರಿಯ ಆಕಸ್ಮಿಕದಿಂದ 12 ಅಥವಾ ಅದಕ್ಕಿಂತ ಹೆಚ್ಚು ಬರುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ಇದು ಬಲವಾದ ಸಾಕ್ಷ್ಯದಂತೆ ಕಾಣುತ್ತದೆ. ಆದರೆ ಅಂಥ ಸಾವಿರ ಊರುಗಳಿದ್ದರೆ ಅವುಗಳಲ್ಲಿ ಎಂಟರಲ್ಲಾದರೂ ಯಾವ ಕಾರಣವೂ ಇಲ್ಲದೆ ಹೀಗೆ ಆಗಬಹುದು. ಗೋಡೆಗೆ ಮೊದಲು ಬಾಣ ಬಿಟ್ಟು, ಆಮೇಲೆ ಅದರ ಸುತ್ತ ವೃತ್ತ ಬರೆದು, ಗುರಿ ತಪ್ಪಲಿಲ್ಲ ಎಂದಂತೆ ಆಗಬಾರದಲ್ಲ! ಕಾಯಿಲೆ ಹೆಚ್ಚಾಗಿರುವ ಊರನ್ನು ಆರಿಸಿಕೊಂಡ ಮೇಲೆ ಅಲ್ಲಿ ಕಾಯಿಲೆ ಹೆಚ್ಚೆಂದು ಹೇಳಿದರೆ ಸಾಲದು. ಆ ಊರಿನೊಳಗೇ ಆ ನೀರು ಕುಡಿದವರಿಗೂ ಕುಡಿಯದವರಿಗೂ ವ್ಯತ್ಯಾಸ ಕಾಣಬೇಕು.

ರಾಜ್ಯದ ಆರೋಗ್ಯ ಇಲಾಖೆ ಮುಂದೆ ಮಾಡಿದ್ದು ಅದನ್ನೇ. ಕಾಯಿಲೆಯ 19 ಮಕ್ಕಳನ್ನೂ ಅವರಿಗೆ ಹೋಲುವ ಆರೋಗ್ಯವಂತ 37 ಮಕ್ಕಳನ್ನೂ ತೆಗೆದುಕೊಂಡರು. ಯಾವ ವರ್ಷ, ಯಾವ ಬೀದಿಗೆ, ಎಷ್ಟು ಬಾವಿ ನೀರು ಹೋಗಿತ್ತೆಂದು ಕೊಳವೆಗಳ ಜಾಲವನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ ಲೆಕ್ಕ ಹಾಕಿದರು. 1997ರ ಆ ಅಧ್ಯಯನದಲ್ಲಿ ಕಂಡದ್ದು ಹೀಗೆ: ಮಗು ಹುಟ್ಟಿದ ಮೇಲೆ ಕುಡಿದ ನೀರಿಗೂ ಕಾಯಿಲೆಗೂ ಸಂಬಂಧ ಸಿಗಲಿಲ್ಲ. ಗರ್ಭಿಣಿಯಾಗಿದ್ದಾಗ ತಾಯಿ ಆ ನೀರು ಕುಡಿದಿದ್ದರೆ ಮಗುವಿಗೆ ಲ್ಯುಕೇಮಿಯಾ ಬರುವ ಅಪಾಯ ಸುಮಾರು ಎಂಟು ಪಟ್ಟು ಹೆಚ್ಚಾಗಿತ್ತು. ನೀರು ಹೆಚ್ಚು ತಲುಪಿದಷ್ಟೂ ಅಪಾಯ ಏರುತ್ತಾ ಹೋಗಿತ್ತು.

ಎಂಟು ಪಟ್ಟು ಎಂಬ ಅಂಕಿಯ ಪಕ್ಕದಲ್ಲೇ ತಜ್ಞರು ಇನ್ನೆರಡು ಅಂಕಿಗಳನ್ನು ಬರೆದಿದ್ದಾರೆ: 0.73 ಮತ್ತು 94.67. ನಿಜವಾದ ಉತ್ತರ ಈ ಎರಡರ ನಡುವೆ ಎಲ್ಲಾದರೂ ಇರಬಹುದು ಎಂದು ಅರ್ಥ. ಒಂದಕ್ಕಿಂತ ಕಡಿಮೆ ಎಂದರೆ ಅಪಾಯವೇ ಇಲ್ಲದಿರಬಹುದು, 94 ಎಂದರೆ ಭೀಕರ. ಹತ್ತೊಂಬತ್ತು ಮಕ್ಕಳಿಂದ ಇದಕ್ಕಿಂತ ಖಚಿತವಾದ ಉತ್ತರ ಹೊರಡದು. ಖಚಿತತೆ ಬೇಕೆಂದರೆ ಇನ್ನೂ ಹೆಚ್ಚು ಮಕ್ಕಳಿಗೆ ಕಾಯಿಲೆ ಬರಬೇಕಿತ್ತು. ಯಾರೂ ಅದನ್ನು ಬಯಸಲಾರರು.

ಸಂಖ್ಯೆ ದೊಡ್ಡದಾದರೆ ಉತ್ತರ ಎಷ್ಟು ಗಟ್ಟಿಯಾಗುತ್ತದೆ ಎಂಬುದಕ್ಕೆ ಅಮೆರಿಕದ್ದೇ ಇನ್ನೊಂದು ಉದಾಹರಣೆ ಇದೆ. ಉತ್ತರ ಕೆರೊಲಿನಾ ರಾಜ್ಯದ ಕ್ಯಾಂಪ್ ಲೆಜೂನ್ ಎಂಬ ಸೈನಿಕ ನೆಲೆಯಲ್ಲಿ 1953ರಿಂದ 1987ರವರೆಗೆ ಕುಡಿಯುವ ನೀರಿನಲ್ಲಿ ಟಿಸಿಇ ಮತ್ತಿತರ ರಾಸಾಯನಿಕಗಳು ಸೇರಿದ್ದವು. 1975ರಿಂದ 1985ರ ನಡುವೆ ಅಲ್ಲಿದ್ದ ಸೈನಿಕರನ್ನು ಕ್ಯಾಲಿಫೋರ್ನಿಯಾದ ಕ್ಯಾಂಪ್ ಪೆಂಡಲ್ಟನ್ ನೆಲೆಯ ಸೈನಿಕರೊಂದಿಗೆ ಹೋಲಿಸಿದರು. ಎರಡೂ ಕಡೆ ಸೇರಿ ಸುಮಾರು 3.4 ಲಕ್ಷ ಜನ. ಲೆಜೂನ್‌ನಲ್ಲಿದ್ದವರಿಗೆ ಪಾರ್ಕಿನ್‌ಸನ್ ಕಾಯಿಲೆಯ ಅಪಾಯ ಶೇಕಡಾ 70ರಷ್ಟು ಹೆಚ್ಚೆಂದು 2023ರಲ್ಲಿ ಪ್ರಕಟವಾಯಿತು. ಇಲ್ಲಿ ಆಕಸ್ಮಿಕಕ್ಕೆ ಜಾಗ ಕಡಿಮೆ. ಆದರೆ ಈ ಉತ್ತರ ಬಂದದ್ದು ಸೈನಿಕರು ನೀರು ಕುಡಿದು ಸುಮಾರು ನಾಲ್ಕು ದಶಕಗಳಾದ ಮೇಲೆ.

ಕಾಯುವುದೂ ಒಂದು ನಿರ್ಧಾರ

ವೂಬರ್ನ್‌ನ ಎಂಟು ಕುಟುಂಬಗಳು 1982ರಲ್ಲಿ ನ್ಯಾಯಾಲಯಕ್ಕೆ ಹೋದವು. 1986ರಲ್ಲಿ ವಿಚಾರಣೆ ನಡೆದು, ಕೊನೆಗೆ ಒಂದು ಕಂಪನಿ 80 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ರಾಸಾಯನಿಕಗಳು ಬಾವಿಗೆ ತಲುಪಿದವೇ ಎಂಬ ಪ್ರಶ್ನೆ ಮಾತ್ರ ನ್ಯಾಯಾಲಯದ ಮುಂದೆ ಬಂತು. ಅವುಗಳಿಂದಲೇ ಮಕ್ಕಳಿಗೆ ಕಾಯಿಲೆ ಬಂತೇ ಎಂಬ ಪ್ರಶ್ನೆಯ ಸರದಿ ಬರಲೇ ಇಲ್ಲ. ತಾಯಂದಿರಿಗೆ ಬೇಕಾಗಿದ್ದ ಉತ್ತರ ಅದೊಂದೇ ಆಗಿತ್ತು.

ಆದರೂ ಅವರ ಎಣಿಕೆ ವ್ಯರ್ಥವಾಗಲಿಲ್ಲ. 1979ರಲ್ಲಿ ಅಮೆರಿಕದಲ್ಲಿ ಟಿಸಿಇಗೆ ಕುಡಿಯುವ ನೀರಿನ ಕಡ್ಡಾಯ ಮಿತಿಯೇ ಇರಲಿಲ್ಲ. 1987ರಲ್ಲಿ ಲೀಟರಿಗೆ 5 ಮೈಕ್ರೋಗ್ರಾಂ ಎಂದು ನಿಗದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ಹಿಂದೆ 20 ಮೈಕ್ರೋಗ್ರಾಂ ಎಂದಿದ್ದ ತನ್ನ ಸೂಚನೆಯನ್ನು ಈಗ 8ಕ್ಕೆ ಇಳಿಸಿದೆ. ಮಿತಿಯ ಅರ್ಥವನ್ನೂ ತಿಳಿದಿರಬೇಕು. ಅಮೆರಿಕದ ನಿಯಮದಲ್ಲಿ 5 ಎಂಬುದು ಕಾನೂನಿನ ಮಿತಿ, ಆರೋಗ್ಯದ ಗುರಿ ಸೊನ್ನೆ. ಅಳೆಯಲು ಮತ್ತು ಶುದ್ಧ ಮಾಡಲು ಸಾಧ್ಯವಾಗುವ ಮಟ್ಟವನ್ನು ನೋಡಿ 5 ಎಂದು ಇಟ್ಟರು. 4.9 ಇದ್ದರೆ ಅಮೃತ, 5.1 ಇದ್ದರೆ ವಿಷ ಎಂದೇನೂ ಅಲ್ಲ. 2024ರ ಡಿಸೆಂಬರ್‌ನಲ್ಲಿ ಟಿಸಿಇಯ ಬಳಕೆಯನ್ನೇ ಹಂತಹಂತವಾಗಿ ನಿಲ್ಲಿಸುವ ನಿಯಮವನ್ನು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಪ್ರಕಟಿಸಿತು. ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವರೂ ಉಂಟು.

ಅಪಾಯದ ಲೆಕ್ಕ ಪರೀಕ್ಷೆಯ ಲೆಕ್ಕದಂತಲ್ಲ. ಕೊನೆಯ ಪುಟದಲ್ಲಿ ಉತ್ತರ ಅಚ್ಚಾಗಿರುವುದಿಲ್ಲ. ಎಲ್ಲವೂ ಖಚಿತವಾಗಲಿ ಎಂದು ಕಾಯುತ್ತಾ ಕುಳಿತರೆ ಅದೂ ಒಂದು ನಿರ್ಧಾರವೇ, ಆ ಹೊತ್ತು ಜನ ನೀರು ಕುಡಿಯುತ್ತಲೇ ಇರುತ್ತಾರೆ. ವೂಬರ್ನ್‌ನಲ್ಲಿ ಬಾವಿ ಮುಚ್ಚಿದ್ದು ಉತ್ತರ ಸಿಕ್ಕಿದ ಮೇಲಲ್ಲ, ಅನುಮಾನಕ್ಕೆ ಅಳತೆಯ ಆಧಾರ ಸಿಕ್ಕಿದ ಮೇಲೆ. ನೀರಿಗೆ ವಾಸನೆ ಇದೆ ಎಂದು ಗೃಹಿಣಿಯರು ಹೇಳಿದ ವರ್ಷವೇ ಆ ಅಳತೆ ಆಗಿದ್ದರೆ ಎಷ್ಟೋ ಗರ್ಭಿಣಿಯರು ಆ ನೀರನ್ನು ಕುಡಿಯುತ್ತಿರಲಿಲ್ಲ.

ಕೊನೆಗೆ ಇನ್ನೊಂದು ಲೆಕ್ಕವನ್ನು ವಿದ್ಯಾರ್ಥಿಗಳು ಮನೆಯಲ್ಲಿ ಮಾಡಿ ನೋಡಬಹುದು. ಒಂದು ಲೀಟರ್ ಟಿಸಿಇ ನೆಲದ ಪಾಲಾದರೆ ಅದನ್ನು ಲೀಟರಿಗೆ 5 ಮೈಕ್ರೋಗ್ರಾಂಗೆ ಇಳಿಸಲು ಎಷ್ಟು ನೀರು ಬೇಕು? 1,460 ಗ್ರಾಂ ಎಂದರೆ 146 ಕೋಟಿ ಮೈಕ್ರೋಗ್ರಾಂ. ಐದರಿಂದ ಭಾಗಿಸಿದರೆ 29 ಕೋಟಿ 20 ಲಕ್ಷ ಲೀಟರ್. 6,000 ಲೀಟರ್ ಹಿಡಿಯುವ ನೀರಿನ ಟ್ಯಾಂಕರ್ 48 ಸಾವಿರಕ್ಕೂ ಹೆಚ್ಚು ಸಲ ಓಡಾಡಿದರೆ ಅಷ್ಟು ನೀರಾಗುತ್ತದೆ. ಕೆಲಸ ಮುಗಿದ ಮೇಲೆ ಡಬ್ಬಿಯಲ್ಲಿ ಉಳಿದ ದ್ರಾವಕವನ್ನು ಮೋರಿಗೋ ಹಿತ್ತಲಿಗೋ ಚೆಲ್ಲುವ ಮುನ್ನ ಈ ಅಂಕಿ ನೆನಪಿಗೆ ಬಂದರೆ ಈ ಲೆಕ್ಕ ಮಾಡಿದ್ದಕ್ಕೂ ಸಾರ್ಥಕ.